ನೀರಿನ ರಿಪೋರ್ಟ್‌ನ್ಯಾಗ ‘ಫ್ಲೋರೈಡ್’ ಅಂತ ಬಂದ್ರ ಏನರ್ಥ? ಪರಮಾಣು, ಧಾತು, ಅಯಾನು ಇಷ್ಟು ತಿಳ್ಕೊಂಡ್ರ ಓದಬಹುದು

ಸಾಲ, ಸಿಬಿಲ್ ಸ್ಕೋರ್, ಜಿಎಸ್‌ಟಿ ಅಂತ ಮಾತಾಡೋ ಬಿ.ಕಾಂ ಹುಡುಗ ಇವತ್ತ ಕೆಮಿಸ್ಟ್ರಿ ಹೇಳಾಕ ಕುಂತಾನ. ಇದಕ್ಕ ಕಾರಣ ನೀವ. ಮುಂಡರಗಿ ಕಡೆಯ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಹೊಲದ ಬೋರಿನ ನೀರು ಟೆಸ್ಟ್ ಮಾಡಿಸ್ಯಾರ, ರಿಪೋರ್ಟ್ ಕೈಗೆ ಬಂದೈತಿ, ಅದರಾಗ ‘ಫ್ಲೋರೈಡ್’ ಸಾಲಿನ ಮುಂದ ಕೆಂಪು ಗೆರಿ ಎಳದಾರ. ಅವರ ಪ್ರಶ್ನೆ ಮೂರು. ಫ್ಲೋರೈಡ್ ಅಂದ್ರ ಫ್ಲೋರಿನ್ ಗ್ಯಾಸೇನು? ಟೂತ್‌ಪೇಸ್ಟ್‌ನ್ಯಾಗೂ ಅದ ಇರ್ತೈತಲ್ಲ, ಹಂಗಾರ ನೀರಾಗಿದ್ರ ಹಲ್ಲಿಗೆ ಒಳ್ಳೇದಲ್ಲೇನು? ಕುದಿಸಿ ಕುಡಿದ್ರ ಹೋಗ್ತೈತೇನು?

ಗಡಿಬಿಡಿ ಇದ್ದವರಿಗೆ ಉತ್ತರ ಈಗಲೇ ಹೇಳಿಬಿಡ್ತೀನಿ: ಅಲ್ಲ, ಅಲ್ಲ, ಇಲ್ಲ. ಆದ್ರ ಯಾಕ ಅಂತ ತಿಳೀಬೇಕಂದ್ರ ಒಂಬತ್ತನೇ ಇಯತ್ತೆಯ ನಾಲ್ಕೈದು ಪದ ಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನವೇ ಮರೆತ ಪದಗಳು. ಅವನ್ನ ಒಂದೊಂದಾಗಿ ನಮ್ಮೂರ ಕಡೆಯ ವಸ್ತುಗಳ ಮ್ಯಾಲೇ ಹಚ್ಚಿ ನೋಡೂಣು.

ಮೊದಲ ತೊಡಕು ‘ಅಣು’ ಅನ್ನೋ ಪದದ್ದು. ಶಾಲೆಯ ಪುಸ್ತಕದಲ್ಲಿ ಅತಿ ಸಣ್ಣ ಕಣಕ್ಕೆ ಪರಮಾಣು ಅಂತಾರೆ. ಎರಡು ಅಥವಾ ಹೆಚ್ಚು ಪರಮಾಣು ಕೂಡಿಕೊಂಡ ಗುಂಪಿಗೆ ಅಣು ಅಂತಾರೆ. ಆದ್ರ ಪೇಪರ್‌ನ್ಯಾಗ ಏನ್ ಓದ್ತೀವಿ? ‘ಅಣುಬಾಂಬ್’, ‘ಕೈಗಾ ಅಣುಸ್ಥಾವರ’. ಬಾಂಬಿನಲ್ಲಾಗಲಿ ಕೈಗಾದಲ್ಲಾಗಲಿ ಒಡೆಯೋದು ಶಾಲೆಯ ಅರ್ಥದ ಅಣು ಅಲ್ಲ, ಪರಮಾಣುವಿನ ಒಳಗಿನ ನ್ಯೂಕ್ಲಿಯಸ್. ಅಣುವನ್ನ ಒಡೆಯೋದು ದೊಡ್ಡ ಕೆಲಸವೂ ಅಲ್ಲ, ಒಲಿಯಾಗ ಕಟಗಿ ಉರಿಯುವಾಗ ಅದೇ ನಡೀತೈತಿ. ಪತ್ರಿಕೆಯವರು ‘ಪರಮಾಣು ಸ್ಥಾವರ’ ಅಂತ ಬರೆದ್ರ ಎರಡು ಅಕ್ಷರ ಹೆಚ್ಚಾಗ್ತಾವ, ಅಷ್ಟ. ಹಂಗಾಗಿ ಪೇಪರ್‌ನ ‘ಅಣು’ ಬ್ಯಾರೆ, ಪಾಠದ ‘ಅಣು’ ಬ್ಯಾರೆ ಅಂತ ತಲಿಯಾಗ ಇಟ್ಕೊಳ್ರಿ. ಇವತ್ತು ನಾನು ಬಳಸೋದು ಪಾಠದ ಅರ್ಥವನ್ನ.

ಪರಮಾಣು ಅನ್ನೋ ಪದ ಹಳೇದು. ಕಣಾದನ ವೈಶೇಷಿಕ ದರ್ಶನದಲ್ಲೇ ಬರ್ತೈತಿ. ಇದನ್ನ ಹಿಡಕೊಂಡು ‘ಎಲ್ಲಾ ನಮ್ಮವರ ಕಂಡುಹಿಡಿದಿದ್ದು’ ಅನ್ನೋ ವಾಟ್ಸ್ಆ್ಯಪ್ ಫಾರ್ವರ್ಡ್ ನಿಮಗೂ ಬಂದಿರ್ತೈತಿ. ಕಣಾದನದ್ದು ತರ್ಕ: ಒಡೀತಾ ಹೋದ್ರ ಎಲ್ಲೋ ಒಂದು ಕಡೆ ನಿಲ್ಲಲೇಬೇಕು ಅನ್ನೋ ವಿಚಾರ. ಗ್ರೀಕರಲ್ಲೂ ಡೆಮಾಕ್ರಿಟಸ್ ಇಂಥದ್ದೇ ಮಾತು ಹೇಳಿದ್ದ. ಇಂಗ್ಲೆಂಡಿನ ಜಾನ್ ಡಾಲ್ಟನ್ 1803ರಿಂದ 1808ರ ನಡುವೆ ಮಾಡಿದ್ದು ತೂಕದ ಕೆಲಸ. ಇಷ್ಟು ತೂಕದ ಈ ವಸ್ತು ಇಷ್ಟೇ ತೂಕದ ಆ ವಸ್ತುವಿನ ಜೊತೆ ಕೂಡ್ತೈತಿ ಅನ್ನೋ ಲೆಕ್ಕದಿಂದ ಪರಮಾಣುವಿಗೆ ಹೋದ. ವಿಚಾರಕ್ಕೂ ಲೆಕ್ಕಕ್ಕೂ ಎರಡಕ್ಕೂ ಗೌರವ ಕೊಡೂಣು, ಆದ್ರ ಎರಡೂ ಒಂದೇ ಅಲ್ಲ.

ಇನ್ನ ಎರಡನೇ ಪದ, ಧಾತು. ಹಳೇ ಪುಸ್ತಕದಲ್ಲಿ ‘ಮೂಲವಸ್ತು’ ಅಂತಿತ್ತು. ನನಗ ಆ ಹಳೇ ಪದವೇ ಇಷ್ಟ, ಕೇಳಿದ ಕೂಡಲೇ ಅರ್ಥ ಆಗ್ತೈತಿ. ಧಾತು ಅಂದ್ರ ವ್ಯಾಕರಣದಲ್ಲಿ ಕ್ರಿಯಾಪದದ ಮೂಲ, ಆಯುರ್ವೇದದಲ್ಲಿ ದೇಹದ ಏಳು ಧಾತು, ಬಸ್‌ಸ್ಟ್ಯಾಂಡ್ ಗೋಡೆಯ ಮ್ಯಾಲಿನ ಜಾಹೀರಾತಿನಲ್ಲಿ ಮತ್ತೊಂದು. ಒಂದು ಪದಕ್ಕೆ ಇಷ್ಟು ಡ್ಯೂಟಿ ಹಾಕಿದ್ರ ಹುಡುಗರು ನಗದ ಏನ್ ಮಾಡ್ತಾರ?

ಒಂದೇ ಜಾತಿಯ ಪರಮಾಣುಗಳಿಂದ ಆದ ವಸ್ತು ಧಾತು. ಇವತ್ತಿಗೆ ಒಟ್ಟು 118 ಧಾತುಗಳು ಗೊತ್ತು. ಯಾವ ಪರಮಾಣು ಯಾವ ಜಾತಿ ಅಂತ ಹೇಳೋದು ಅದರ ನ್ಯೂಕ್ಲಿಯಸ್‌ನಲ್ಲಿರೋ ಪ್ರೋಟಾನುಗಳ ಸಂಖ್ಯೆ. ಅದಕ್ಕೆ ಪರಮಾಣು ಸಂಖ್ಯೆ ಅಂತಾರೆ. ಇದು ಆಧಾರ್ ನಂಬರ್ ಇದ್ದಂಗ: ಊರು ಬದಲಾದ್ರೂ, ಅಂಗಿ ಬದಲಾದ್ರೂ ನಂಬರ್ ಬದಲಾಗಂಗಿಲ್ಲ. ಕಬ್ಬಿಣ 26. ಬಂಗಾರ 79. ಫ್ಲೋರಿನ್ 9. ಇಂಗಾಲ 6. ಒಂದು ಪ್ರೋಟಾನು ಹೆಚ್ಚು ಕಡಿಮೆ ಆದ್ರ ವಸ್ತುವೇ ಬ್ಯಾರೆ ಆಗಿಬಿಡ್ತೈತಿ. 79 ಬಂಗಾರ, 80 ಪಾದರಸ.

ಹರ್ತಿಯವನಾಗಿ ಬಂಗಾರದ ಮಾತು ಬಂದ್ರ ಕಪ್ಪತಗುಡ್ಡ ಬಿಟ್ಟು ಮುಂದ ಹೋಗಾಕ ಆಗಂಗಿಲ್ಲ. ಗುಡ್ಡದ ಸುತ್ತಿನ ಡೋಣಿ, ಸೊರಟೂರ ಕಡೆಯ ಹಳ್ಳಗಳ ಉಸುಕು ತೊಳೆದು ಬಂಗಾರದ ಕಣ ತೆಗೆಯೋ ಜಾಲಗಾರರು ಹಿಂದಿದ್ರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಈ ಗುಡ್ಡಗಳ ಬಂಗಾರದ ಕಲ್ಲಿನ ಬಗ್ಗೆ ಬರೆದಾನ. ಈಗ ಜಾಲಗಾರರ ಕೆಲಸವನ್ನ ಕೆಮಿಸ್ಟ್ರಿ ಕಣ್ಣಿನಿಂದ ನೋಡ್ರಿ. ಬರೇ ನೀರು, ಮರಿಗಿ, ಕೈಚಳಕದಿಂದ ಬಂಗಾರ ಸಿಗ್ತಿತ್ತು. ಅದೇ ಗುಡ್ಡದಲ್ಲಿ ಕಬ್ಬಿಣವೂ ಐತಿ, ಬಂಗಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚೈತಿ. ಅದನ್ನ ಹಿಂಗ ತೊಳೆದು ತೆಗೆಯಾಕ ಆಗ್ತಿತ್ತೇನು? ಇಲ್ಲ. ಯಾಕಂದ್ರ ಬಂಗಾರ ಯಾರ ಜೋಡಿಯೂ ಸುಲಭಕ್ಕೆ ಕೂಡೋದಿಲ್ಲ, ಧಾತುವಾಗಿಯೇ ಕಲ್ಲಿನಲ್ಲಿ ಕುಂತಿರ್ತೈತಿ. ಕಬ್ಬಿಣ ಹಂಗಲ್ಲ. ಆಮ್ಲಜನಕ ಸಿಕ್ಕರೆ ಸಾಕು, ಕೈ ಹಿಡ್ಕೊಂಡುಬಿಡ್ತೈತಿ. ಗುಡ್ಡದ ಕೆಂಪು, ಮಸಾರಿ ಮಣ್ಣಿನ ಕೆಂಪು, ಬಾಗಿಲ ಚಿಲಕದ ತುಕ್ಕು, ಮೂರೂ ಕಬ್ಬಿಣ ಮತ್ತು ಆಮ್ಲಜನಕದ ಸಂಸಾರ.

ಇದೇ ಮೂರನೇ ಪದ: ಸಂಯುಕ್ತ. ಬ್ಯಾರೆ ಬ್ಯಾರೆ ಧಾತುಗಳ ಪರಮಾಣುಗಳು ಗೊತ್ತಾದ ಲೆಕ್ಕದಲ್ಲಿ ಕೂಡಿ ಆದ ಹೊಸ ವಸ್ತು. ಲೆಕ್ಕ ಅನ್ನೋದು ಇಲ್ಲಿ ಮುಖ್ಯ. ನೀರು ಅಂದ್ರ ಎರಡು ಜಲಜನಕಕ್ಕೆ ಒಂದು ಆಮ್ಲಜನಕ. ಎರಡಕ್ಕೆ ಎರಡು ಕೂಡಿದ್ರ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯೋಕೆ ಹಾಕಿದ್ರ ಬುರುಗು ಬರೋ ಔಷಧ. ಬಂಗಾರದ ಅಂಗಡಿಯ 916 ಮಾತ್ರ ಸಂಯುಕ್ತ ಅಲ್ಲ, ಮಿಶ್ರಣ. ಸಾವಿರ ಭಾಗದಲ್ಲಿ 916 ಭಾಗ ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿಯಂಥವು. 22 ಕ್ಯಾರೆಟ್‌ಗೆ 916, 18 ಕ್ಯಾರೆಟ್‌ಗೆ 750, ಅಕ್ಕಸಾಲಿಗರು ಬೇಕಾದಂಗ ಬೆರಸಬಹುದು. ಸಂಯುಕ್ತದಲ್ಲಿ ಹಂಗ ಚೌಕಾಶಿ ನಡೆಯಂಗಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು, ಆಮೇಲೆ ನೀರಿಗೆ ಬರ್ತೀನಿ. ಜಲಜನಕ ಅಂದ್ರ ನೀರು ಹುಟ್ಟಿಸೋದು, ಸರಿ ಐತಿ, ಉರಿಸಿದ್ರ ನೀರೇ ಹುಟ್ಟೋದು. ಆಮ್ಲಜನಕ ಅಂದ್ರ ಆಮ್ಲ ಹುಟ್ಟಿಸೋದು. ಇದು ಲಾವೊಸಿಯೆ ಅನ್ನೋ ಫ್ರೆಂಚ್ ವಿಜ್ಞಾನಿಯ ತಪ್ಪು ತಿಳಿವಳಿಕೆಯಿಂದ ಬಂದ ಹೆಸರು. ಎಲ್ಲಾ ಆಮ್ಲಗಳಲ್ಲೂ ಆ ಗಾಳಿ ಇರ್ತೈತಿ ಅಂದ್ಕೊಂಡಿದ್ದ. ಪಾಯಖಾನೆ ತೊಳೆಯೋ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ. ತಪ್ಪು ತಿದ್ದುಪಡಿ ಆಯ್ತು, ಹೆಸರು ಮಾತ್ರ ಹಂಗೇ ಉಳೀತು, ನಾವು ಕನ್ನಡಕ್ಕೂ ತಂದ್ವಿ. ಇಂಗಾಲ ಅನ್ನೋದು ಕೆಂಡ, ಇದ್ದಿಲು ಅನ್ನೋ ಅರ್ಥದ ಹಳೇ ಪದ, ಚಂದ ಕೂತೈತಿ.

ರೈತರ ಮಕ್ಕಳಿಗೆ ಇನ್ನೊಂದು ಉಪಯೋಗದ ಮಾತು. ಡಿಎಪಿ ಚೀಲದ ಮ್ಯಾಲೆ 18-46 ಅಂತಿರ್ತೈತಿ. 50 ಕಿಲೋ ಚೀಲ ಅಂದ್ರ 18 ಪರ್ಸೆಂಟ್ ಸಾರಜನಕ, ಒಂಬತ್ತು ಕಿಲೋ. ಅದು ಧಾತುವಿನ ಲೆಕ್ಕ. ಮುಂದಿನ 46 ಪರ್ಸೆಂಟ್ 23 ಕಿಲೋ ರಂಜಕ ಅಂತ ತಿಳ್ಕೊಂಡ್ರ ತಪ್ಪಾಗ್ತೈತಿ. ಅದು ರಂಜಕದ ಆಕ್ಸೈಡ್ ಅನ್ನೋ ಸಂಯುಕ್ತದ ರೂಪದಲ್ಲಿ ಬರೆದ ಲೆಕ್ಕ, ಎರಡು ರಂಜಕ ಪರಮಾಣು ಜೊತೆಗೆ ಐದು ಆಮ್ಲಜನಕ. ಅದರಲ್ಲಿ ರಂಜಕದ ತೂಕ ಸುಮಾರು 44 ಪರ್ಸೆಂಟ್ ಮಾತ್ರ. ಅಂದ್ರ ಚೀಲದಲ್ಲಿ ನಿಜವಾದ ರಂಜಕ ಹತ್ತು ಕಿಲೋ. ಮೋಸ ಅಲ್ಲ, ಹಳೇ ಪದ್ಧತಿ. ಆದ್ರ ಒಂದೇ ಚೀಲದ ಮ್ಯಾಲೆ ಒಂದು ನಂಬರ್ ಧಾತುವಿನದ್ದು, ಇನ್ನೊಂದು ಸಂಯುಕ್ತದ್ದು. ಅಕೌಂಟ್ಸ್‌ನ್ಯಾಗ ಹಿಂಗ ಬರೆದ್ರ ಆಡಿಟರ್ ಬಿಡ್ತಿರಲಿಲ್ಲ.

ಈಗ ಮೊದಲ ಪ್ರಶ್ನೆಗೆ ಬೇಕಾದ ಪದ: ಅಯಾನು.

ಪರಮಾಣುವಿನ ನಡುವಿನ ಪ್ರೋಟಾನುಗಳು ಧನ, ಹೊರಗೆ ಸುತ್ತೋ ಎಲೆಕ್ಟ್ರಾನುಗಳು ಋಣ. ಎರಡೂ ಸಮ ಇದ್ದಾಗ ಟ್ಯಾಲಿ ಆಗಿರ್ತೈತಿ, ಬ್ಯಾಲೆನ್ಸ್ ಸೊನ್ನೆ. ಪ್ರೋಟಾನು ಅಂದ್ರ ಸ್ಥಿರಾಸ್ತಿ, ರಸಾಯನ ಕ್ರಿಯೆಯಲ್ಲಿ ಅಲುಗಾಡಂಗಿಲ್ಲ. ಎಲೆಕ್ಟ್ರಾನು ಅಂದ್ರ ಕೈಯಾಗಿನ ರೊಕ್ಕ, ಕೊಡಬಹುದು, ಇಸ್ಕೋಬಹುದು. ಹಂಗ ಕೊಟ್ಟು ಅಥವಾ ಇಸ್ಕೊಂಡು ಬ್ಯಾಲೆನ್ಸ್ ಏರುಪೇರಾದ ಪರಮಾಣುವಿಗೆ ಅಯಾನು ಅಂತಾರೆ.

ಫ್ಲೋರಿನ್ ಪರಮಾಣುವಿನಲ್ಲಿ ಒಂಬತ್ತು ಎಲೆಕ್ಟ್ರಾನು. ಒಳಗಿನ ಸುತ್ತಿನಲ್ಲಿ ಎರಡು, ಹೊರಗಿನ ಸುತ್ತಿನಲ್ಲಿ ಏಳು. ಹೊರಗೆ ಎಂಟಾದ್ರ ನೆಮ್ಮದಿ. ಒಂದೇ ಒಂದು ಕಡಿಮೆ ಬಿದ್ದೈತಿ, ಅದಕ್ಕಾಗಿ ಯಾರನ್ನಾದ್ರೂ ಹರಿದು ತಿನ್ನೋಕೆ ತಯಾರು. ಎಲ್ಲಾ ಧಾತುಗಳಲ್ಲಿ ಇದರಷ್ಟು ಹಸಿದದ್ದು ಇನ್ನೊಂದಿಲ್ಲ. ತಿಳಿ ಹಳದಿ ಬಣ್ಣದ ವಿಷದ ಗಾಳಿ. ಇದನ್ನ ಬೇರ್ಪಡಿಸೋಕೆ ಹೋಗಿ ಜೀವ ಕಳೆದುಕೊಂಡ, ಆರೋಗ್ಯ ಕೆಡಿಸಿಕೊಂಡ ವಿಜ್ಞಾನಿಗಳು ಇದ್ದಾರೆ. ಕೊನೆಗೆ 1886ರಲ್ಲಿ ಪ್ಯಾರಿಸ್‌ನ ಹೆನ್ರಿ ಮೊಯಿಸಾನ್ ಸಾಧಿಸಿದ, 1906ರಲ್ಲಿ ನೊಬೆಲ್ ಬಂತು.

ಆ ಹಸಿವಿನ ಪರಮಾಣುವಿಗೆ ಒಂದು ಎಲೆಕ್ಟ್ರಾನು ಸಿಕ್ಕಿತು ಅಂತ ತಿಳ್ಕೊಳ್ರಿ. ಈಗ ಹತ್ತು ಎಲೆಕ್ಟ್ರಾನು, ಒಂಬತ್ತು ಪ್ರೋಟಾನು. ಒಂದು ಋಣ ಹೆಚ್ಚು. ಹಸಿವು ಹಿಂಗಿತು, ಶಾಂತ ಆಯ್ತು. ಇದೇ ಫ್ಲೋರೈಡ್. ಹೆಸರಿನ ಬಾಲ ನೋಡ್ರಿ: ‘ಇನ್’ ಇದ್ರ ಧಾತು, ‘ಐಡ್’ ಇದ್ರ ಎಲೆಕ್ಟ್ರಾನು ಇಸ್ಕೊಂಡ ಅಯಾನು. ಕ್ಲೋರಿನ್, ಕ್ಲೋರೈಡ್. ಅಯೋಡಿನ್, ಅಯೋಡೈಡ್.

ಈ ಬಾಲ ಎಷ್ಟು ದೊಡ್ಡ ಫರಕ್ ಮಾಡ್ತೈತಿ ಅನ್ನೋಕೆ ಉಪ್ಪಿನ ಡಬ್ಬಿ ಸಾಕು. ಕ್ಲೋರಿನ್ ಗಾಳಿಯನ್ನ 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮ್ಯಾಲೆ ವಿಷವಾಗಿ ಬಿಟ್ಟಿದ್ರು. ಸೋಡಿಯಂ ಲೋಹವನ್ನ ನೀರಿಗೆ ಹಾಕಿದ್ರ ಸಿಡೀತೈತಿ. ಸೋಡಿಯಂ ಒಂದು ಎಲೆಕ್ಟ್ರಾನು ಕೊಟ್ಟು, ಕ್ಲೋರಿನ್ ಅದನ್ನ ಇಸ್ಕೊಂಡು, ಎರಡೂ ಅಯಾನು ಆಗಿ ಕೂಡಿದ್ರ ಅದು ಸೋಡಿಯಂ ಕ್ಲೋರೈಡ್. ದಿನಾ ಸಾರಿಗೆ ಹಾಕ್ತೀವಿ. ಹಂಗಾಗಿ ನಿಮ್ಮ ಬೋರಿನ ನೀರಾಗಿರೋದು ಫ್ಲೋರಿನ್ ಗ್ಯಾಸ್ ಅಲ್ಲ, ಫ್ಲೋರೈಡ್ ಅಯಾನು. ಆದ್ರ ಗ್ಯಾಸ್ ಅಲ್ಲ ಅಂದ ಮಾತ್ರಕ್ಕ ನಿರಾಳ ಆಗಬ್ಯಾಡ್ರಿ.

ಅದು ನೀರಿಗೆ ಎಲ್ಲಿಂದ ಬಂತು? ಯಾರೂ ಬೆರೆಸಿಲ್ಲ. ನಮ್ಮ ಕಾಲ ಕೆಳಗಿನ ಕಲ್ಲಿನಿಂದ ಬಂತು. ಗ್ರಾನೈಟ್, ನೈಸ್ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಇರೋ ಖನಿಜಗಳು ಇರ್ತಾವ. ನೀರು ಅದರ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತಾಗ ಸ್ವಲ್ಪ ಸ್ವಲ್ಪವಾಗಿ ಕರಗ್ತೈತಿ. ಮೇಲಿನ ಬಾವಿಯ ನೀರು ಮಳೆಗೆ ಹೊಸದಾಗ್ತಿತ್ತು. ಬಾವಿ ಬತ್ತಿ ಬೋರು ಆಳಕ್ಕೆ ಹೋದಂಗ ನಾವು ಕುಡಿಯೋದು ಕಲ್ಲಿನ ಜೋಡಿ ಬಹಳ ದಿನ ಸಂಸಾರ ಮಾಡಿದ ನೀರು. ಮುಂಡರಗಿ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಹಳೇದು. ಕೊಪ್ಪಳ, ರಾಯಚೂರು, ಪಾವಗಡ ಕಡೆಯೂ ಇದೇ ಕಥೆ. ನದಿಯ ನೀರಿನಲ್ಲಿ ಸಾಮಾನ್ಯವಾಗಿ ಕಡಿಮೆ. ತುಂಗಭದ್ರೆಯ ನೀರು ನಳಕ್ಕೆ ಬರಲಿ ಅಂತ ಈ ಕಡೆಯ ಊರಿನವರು ಕೇಳೋದು ಬರೇ ಬ್ಯಾಸಿಗಿಯ ಕೊರತೆಗಾಗಿ ಅಲ್ಲ.

ಇಲ್ಲಿ ಒಂದು ವಿಚಿತ್ರ ಐತಿ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ರ ಅದು ಫ್ಲೋರೈಡನ್ನ ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕ ಕೂತುಬಿಡ್ತೈತಿ. ಅಂದ್ರ ಸಾಬೂನು ನೊರೆ ಬರದ, ಪಾತ್ರೆಗೆ ಬಿಳಿ ಪೊರೆ ಕಟ್ಟೋ ಗಡಸು ನೀರಿನಲ್ಲಿ ಫ್ಲೋರೈಡ್ ಕಡಿಮೆ ಇರಬಹುದು. ನೊರೆ ಚಲೋ ಬರೋ, ಬಾಯಿಗೆ ಸಿಹಿ ಅನ್ನಿಸೋ ನೀರಿನಲ್ಲಿ ಹೆಚ್ಚಿರಬಹುದು. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನಿ ಇಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ‘ನಮ್ಮ ನೀರು ಸಿಹಿ ಐತಿ, ಏನೂ ಆಗಂಗಿಲ್ಲ’ ಅನ್ನೋ ಮಾತಿಗೆ ಆಧಾರ ಇಲ್ಲ.

ರಿಪೋರ್ಟ್‌ನ ಅಂಕಿ ಈಗ ಓದೂಣು. ‘ಮಿಲಿಗ್ರಾಂ ಪ್ರತಿ ಲೀಟರ್’ ಅಂತಿರ್ತೈತಿ, ಕೆಲವರು ಪಿಪಿಎಂ ಅಂತ ಬರೀತಾರ. ನೀರಿನ ಮಟ್ಟಿಗೆ ಎರಡೂ ಒಂದೇ. ಒಂದು ಲೀಟರ್ ನೀರು ಒಂದು ಕಿಲೋ, ಅಂದ್ರ ಹತ್ತು ಲಕ್ಷ ಮಿಲಿಗ್ರಾಂ. ಹತ್ತು ಲಕ್ಷ ರೂಪಾಯಿಯಲ್ಲಿ ಒಂದು ರೂಪಾಯಿ, ಅದೇ ಒಂದು ಪಿಪಿಎಂ. ಭಾರತದ ಕುಡಿಯೋ ನೀರಿನ ಮಾನದಂಡದ ಪ್ರಕಾರ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬ್ಯಾರೆ ನೀರೇ ಇಲ್ಲದಿದ್ರ 1.5ರ ತನಕ ನಡೀತೈತಿ. ವಿಶ್ವ ಆರೋಗ್ಯ ಸಂಸ್ಥೆಯೂ 1.5 ಅಂತದ.

‘ಹತ್ತು ಲಕ್ಷಕ್ಕೆ ಒಂದೂವರೆ, ಇದೇನ್ ಮಹಾ’ ಅನ್ನಿಸಬಹುದು. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಒಂದು ಟನ್ ಕಲ್ಲಿಗೆ ಸಿಗೋ ಬಂಗಾರ ಕೆಲವೇ ಗ್ರಾಂ. ಒಂದು ಟನ್ ಅಂದ್ರ ಹತ್ತು ಲಕ್ಷ ಗ್ರಾಂ. ಅದೂ ಪಿಪಿಎಂ ಲೆಕ್ಕವೇ ಆಯ್ತಲ್ಲ? ಅಷ್ಟಕ್ಕಾಗಿ ನೆಲದ ಆಳಕ್ಕ ಇಳೀತಾರ.

ಸರಿ, ಟೂತ್‌ಪೇಸ್ಟ್. ಫ್ಲೋರೈಡ್ ಇರೋ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ 1000 ಪಿಪಿಎಂ ಆಸುಪಾಸು ಇರ್ತೈತಿ. ನೀರಿನ ಮಿತಿಗಿಂತ ನೂರಾರು ಪಟ್ಟು ಹೆಚ್ಚು! ಹಂಗಾರ ಪೇಸ್ಟ್ ವಿಷ, ನೀರು ಅಮೃತ ಅಂತ ಉಲ್ಟಾ ಹೇಳಬೇಕಾಗ್ತೈತೇನು? ಇಲ್ಲ. ಪರ್ಸೆಂಟೇಜ್ ನೋಡಬ್ಯಾಡ್ರಿ, ಹೊಟ್ಟಿಗೆ ಹೋದ ಮೊತ್ತ ನೋಡ್ರಿ. ಒಂದು ಸಲಕ್ಕೆ ಬ್ರಷ್‌ಗೆ ಒಂದು ಗ್ರಾಂ ಪೇಸ್ಟ್ ಹಾಕ್ತೀವಿ ಅಂದ್ರ ಅದರಲ್ಲಿ ಫ್ಲೋರೈಡ್ ಒಂದು ಮಿಲಿಗ್ರಾಂ. ಅದನ್ನೂ ಉಗುಳ್ತೀವಿ. ನೀರನ್ನ ಯಾರೂ ಉಗುಳಂಗಿಲ್ಲ. ನಿಮ್ಮ ರಿಪೋರ್ಟ್‌ನ ಅಂಕಿ 2 ಅಂತ ಇಟ್ಕೊಳ್ರಿ. ಆಫೀಸ್‌ನಲ್ಲಿ ಕೂತು ದಿನಕ್ಕ ಎರಡು ಲೀಟರ್ ಕುಡಿಯೋರಿಗೆ ನಾಲ್ಕು ಮಿಲಿಗ್ರಾಂ. ಬ್ಯಾಸಿಗಿ ಬಿಸಿಲಾಗ ಹೊಲದಾಗ ದುಡಿಯೋರು ಐದು ಲೀಟರ್ ಕುಡಿದ್ರ ಹತ್ತು ಮಿಲಿಗ್ರಾಂ. ಅದೇ ಬೋರು, ಅದೇ ರಿಪೋರ್ಟ್, ಮೈಗೆ ಸೇರೋದು ಎರಡೂವರೆ ಪಟ್ಟು. ಅದೂ ದಿನಾ. ಅದೇ ನೀರಿನಲ್ಲಿ ಅಡುಗೆ, ಅದೇ ನೀರಿನ ಚಹಾ, ಚಹಾಪುಡಿಯಲ್ಲೂ ಸ್ವಲ್ಪ ಫ್ಲೋರೈಡ್ ಇರ್ತೈತಿ.

ಮೈಯೊಳಗ ಅದು ಏನ್ ಮಾಡ್ತೈತಿ? ನಮ್ಮ ಹಲ್ಲು, ಎಲುಬುಗಳ ಗಟ್ಟಿ ಭಾಗ ಒಂದು ಸಂಯುಕ್ತ. ಕ್ಯಾಲ್ಸಿಯಂ, ರಂಜಕ, ಆಮ್ಲಜನಕ, ಜಲಜನಕ ಸೇರಿದ್ದು. ಅದರಲ್ಲಿ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿ ಐತಿ, ಹೈಡ್ರಾಕ್ಸೈಡ್ ಅಯಾನು. ಅದರ ಅಳತೆ, ಫ್ಲೋರೈಡಿನ ಅಳತೆ ಹತ್ರ ಹತ್ರ ಒಂದೇ. ಎರಡಕ್ಕೂ ಒಂದು ಋಣ. ಹಂಗಾಗಿ ಫ್ಲೋರೈಡ್ ಬಂದು ಅದರ ಕುರ್ಚಿಯಲ್ಲಿ ಕೂಡ್ತೈತಿ. ಹಲ್ಲಿನ ಮೇಲ್ಪದರದಲ್ಲಿ ಸ್ವಲ್ಪ ಕುರ್ಚಿ ಬದಲಾದ್ರ ಹಲ್ಲು ಹುಳಿಗೆ ಜಗ್ಗದ ಗಟ್ಟಿ ಆಗ್ತೈತಿ, ಪೇಸ್ಟ್ ಮಾಡೋ ಕೆಲಸ ಇದೇ, ಹೊರಗಿನಿಂದ. ಆದ್ರ ಬಾಲ್ಯದಲ್ಲಿ, ಒಸಡಿನೊಳಗ ಹಲ್ಲು ತಯಾರಾಗೋ ಹೊತ್ತಿನಲ್ಲಿ, ರಕ್ತದ ಮೂಲಕ ಹೆಚ್ಚು ಫ್ಲೋರೈಡ್ ಸೇರಿದ್ರ ಹಲ್ಲಿನ ಪದರವೇ ಸರಿಯಾಗಿ ಕಟ್ಟಂಗಿಲ್ಲ. ಸುಣ್ಣದಂಥ ಬಿಳಿ ಮಚ್ಚೆ, ಮುಂದ ಕಂದು ಪಟ್ಟಿ. ಇದು ಎಂಟು ವರ್ಷದೊಳಗ ಆಗಿಹೋಗೋ ಮಾತು. ಆಮೇಲೆ ಎಷ್ಟು ಉಜ್ಜಿದ್ರೂ ಹೋಗಂಗಿಲ್ಲ. ಅದು ಹೊಲಸಲ್ಲ, ತಂಬಾಕವೂ ಅಲ್ಲ. ಹಲ್ಲು ನೋಡಿ ‘ಗುಟ್ಕಾ ತಿಂತಿಯೇನು’ ಅಂತ ಕೇಳಿಸಿಕೊಂಡು ಫೋಟೊದಾಗ ಬಾಯಿ ಮುಚ್ಚಿಕೊಂಡು ನಿಲ್ಲೋ ಹುಡುಗ ಹುಡುಗಿಯರನ್ನ ನಾನು ನೋಡೀನಿ. ಅವರು ಕುಡಿದಿದ್ದು ಊರ ನೀರು, ಅಷ್ಟ.

ಇನ್ನೂ ಹೆಚ್ಚು ಪ್ರಮಾಣ, ಹತ್ತಾರು ವರ್ಷ ಅಂದ್ರ ಎಲುಬಿಗೆ. ಕೀಲು ನೋವು, ಬೆನ್ನು ಬಗ್ಗದಂಗ ಬಿಗಿ. ವಯಸ್ಸಾಯ್ತು, ವಾತ ಅಂತ ಸುಮ್ಮನಾಗ್ತಾರ. ಊಟದಾಗ ಹಾಲು, ರಾಗಿಯಂಥ ಕ್ಯಾಲ್ಸಿಯಂ ಇರೋ ಪದಾರ್ಥ ಕಡಿಮೆ ಇದ್ದವರಿಗೆ ತೊಂದ್ರೆ ಹೆಚ್ಚು. ಬಾವಿ ಒಂದೇ ಆದ್ರೂ ಬಡವರ ಮನಿಗೆ ಪೆಟ್ಟು ಜಾಸ್ತಿ ಬೀಳೋದು ಹಿಂಗ.

ಮೂರನೇ ಪ್ರಶ್ನೆ, ಕುದಿಸೋದು. ಕುದಿಸಿದ್ರ ಕ್ರಿಮಿ ಸಾಯ್ತಾವ, ಅದಕ್ಕ ಕುದಿಸ್ರಿ. ಆದ್ರ ಅಯಾನು ಸಾಯಾಕ ಅದು ಜೀವಿ ಅಲ್ಲ. ಆವಿಯಾಗಿ ಹೋಗೋದು ನೀರು ಮಾತ್ರ. 2 ಪಿಪಿಎಂ ಇರೋ ಹತ್ತು ಲೀಟರ್ ನೀರಿನಲ್ಲಿ ಒಟ್ಟು 20 ಮಿಲಿಗ್ರಾಂ ಫ್ಲೋರೈಡ್. ಕುದಿಸಿ ಎಂಟು ಲೀಟರ್ ಉಳೀತು. ಆ 20 ಮಿಲಿಗ್ರಾಂ ಹಂಗೇ ಐತಿ. 20 ಭಾಗಿಸು 8, ಎರಡೂವರೆ. ಹೆಚ್ಚಾಯ್ತು! ಬಟ್ಟಿಯಲ್ಲಿ ಸೋಸಿದ್ರೂ ಹೋಗಂಗಿಲ್ಲ, ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ರೂ ಹೋಗಂಗಿಲ್ಲ. ಬ್ಲೀಚಿಂಗ್ ಪೌಡರಿನ ಜಗಳ ಕ್ರಿಮಿಗಳ ಜೋಡಿ.

ಹೋಗೋದು ಎದರಿಂದ? ಆರ್‌ಒದಿಂದ ಬಹುಪಾಲು ಹೋಗ್ತೈತಿ, ಅತಿ ಸಣ್ಣ ರಂಧ್ರದ ಪೊರೆಯ ಮೂಲಕ ಒತ್ತಡದಿಂದ ನೀರನ್ನ ದಾಟಿಸ್ತಾರ, ಅಯಾನುಗಳು ಹಿಂದ ಉಳೀತಾವ. ಆ್ಯಕ್ಟಿವೇಟೆಡ್ ಅಲ್ಯುಮಿನಾ ಅನ್ನೋ ಬಿಳಿ ಕಾಳುಗಳ ಮೂಲಕ ಹಾಯಿಸಿದ್ರ ಅದು ಫ್ಲೋರೈಡನ್ನ ಹಿಡ್ಕೊಳ್ತೈತಿ. ಪಟಕ ಮತ್ತು ಸುಣ್ಣ ಹಾಕಿ ಕಲಸಿ ತಳಕ್ಕೆ ಇಳಿಸೋ ನಲಗೊಂಡ ಪದ್ಧತಿ ನಮ್ಮ ದೇಶದ್ದೇ, ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ್ದು. ಮಳೆ ನೀರಿನಲ್ಲಂತೂ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನಬಹುದು. ಮಾಳಿಗಿಯ ನೀರು ಹಿಡಿದಿಟ್ಟು ಕುಡಿಯೋಕೆ, ಅಡುಗೆಗೆ ಮಾತ್ರ ಬಳಸಿದ್ರೂ ದೊಡ್ಡ ಫರಕ್. ಸ್ನಾನಕ್ಕ, ಬಟ್ಟಿಗೆ ಬೋರಿನ ನೀರು ಇರಲಿ, ಚರ್ಮದಿಂದ ತೊಂದ್ರೆ ಇಲ್ಲ.

ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳು, ನಾಣ್ಯ ಹಾಕಿ ಕ್ಯಾನ್ ತುಂಬಿಸ್ಕೊಳ್ಳೋವು, ಅವೂ ಬಹುತೇಕ ಆರ್‌ಒ. ಗದಗದ ಎಚ್.ಕೆ. ಪಾಟೀಲರು 2013ರಿಂದ 2018ರ ತನಕ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಇವು ರಾಜ್ಯದ ತುಂಬ ಬಂದ್ವು. ಒಳ್ಳೇ ಕೆಲಸ. ಆದ್ರ ಪೊರೆಗೆ ಆಯುಷ್ಯ ಐತಿ. ಅದು ಹಾಳಾದ್ರೂ ಮಷೀನ್ ನೀರು ಕೊಡ್ತಾನೇ ಇರ್ತೈತಿ, ನೀರು ತಿಳಿಯಾಗೇ ಕಾಣ್ತೈತಿ. ಹಂಗಾಗಿ ಘಟಕದಿಂದ ಹೊರಗ ಬರೋ ನೀರನ್ನೂ ಆಗಾಗ ಟೆಸ್ಟ್ ಮಾಡಿಸಿ ಅಂತ ಪಂಚಾಯ್ತಿಯವರಿಗೆ ಕೇಳೋದು ನಮ್ಮ ಹಕ್ಕು.

ಆರ್‌ಒ ಮಾರಾಕ ಬರೋರ ಆಟ ಒಂದು ಹೇಳಲೇಬೇಕು. ನಮ್ಮ ಓಣಿಗೂ ಒಬ್ಬ ಬಂದಿದ್ದ. ಎರಡು ಗ್ಲಾಸು: ಒಂದರಲ್ಲಿ ನಮ್ಮ ನಳದ ನೀರು, ಇನ್ನೊಂದರಲ್ಲಿ ಅವನ ಮಷೀನಿನ ನೀರು. ಎರಡು ಸಲಾಕಿ ಇರೋ ಕರೆಂಟಿನ ಡಬ್ಬಿಯನ್ನ ನಳದ ನೀರಿಗೆ ಇಳಿಸಿದ. ಎರಡು ನಿಮಿಷದಾಗ ನೀರು ಗಟಾರದ ನೀರಿನಂಗ ಕಂದು. ತನ್ನ ನೀರಿಗೆ ಇಳಿಸಿದ, ತಿಳಿಯಾಗೇ ಉಳೀತು. ಅವ್ವ ಬಾಯಿ ಮ್ಯಾಲೆ ಕೈ ಇಟ್ಕೊಂಡು ‘ಇಷ್ಟು ದಿನಾ ಇದನ್ನ ಕುಡದ್ವೇನೋ’ ಅಂದಳು.

ಇವತ್ತಿನ ಪದ ಬಳಸಿ ಇದನ್ನ ಬಿಚ್ಚೂಣು. ಸಲಾಕಿ ಕಬ್ಬಿಣದ್ದು. ಕರೆಂಟ್ ಹರಿದಾಗ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನು ಕಳ್ಕೊಂಡು ಅಯಾನುಗಳಾಗಿ ನೀರಿಗೆ ಇಳೀತಾವ, ಆಮ್ಲಜನಕದ ಜೋಡಿ ಕೂಡಿ ತುಕ್ಕಾಗ್ತಾವ. ಆ ಕಂದು ಬಣ್ಣ ನೀರಿನದ್ದಲ್ಲ, ಸಲಾಕಿಯದ್ದು. ಆರ್‌ಒ ನೀರು ಯಾಕ ತಿಳಿ ಉಳೀತು? ಅದರಾಗ ಅಯಾನುಗಳು ಬಹಳ ಕಡಿಮೆ, ಕರೆಂಟೇ ಹರಿಯಂಗಿಲ್ಲ. ನಂಬಿಕಿ ಇಲ್ಲಂದ್ರ ಮುಂದಿನ ಸಲ ಯಾರಾದ್ರೂ ಬಂದಾಗ ಅವರ ನೀರಿನ ಗ್ಲಾಸಿಗೇ ಒಂದು ಚಿಟಿಕಿ ಉಪ್ಪು ಹಾಕಿ ‘ಈಗ ಇಳಸ್ರಿ’ ಅನ್ರಿ. ಅದೂ ಕಂದಾಗ್ತೈತಿ. ನಮ್ಮ ಮನಿಯಾಗ ಹಂಗ ಮಾಡಿದ ಮ್ಯಾಲೆ ಅವನು ಚಹಾ ಕುಡಿಯಾಕೂ ನಿಲ್ಲಲಿಲ್ಲ.

ಅವರ ಕೈಯಾಗಿನ ಪೆನ್ನಿನಂಥ ಟಿಡಿಎಸ್ ಮೀಟರೂ ಅಷ್ಟ. ಅದು ಅಳೆಯೋದು ನೀರು ಕರೆಂಟನ್ನ ಎಷ್ಟು ಹರಿಸ್ತೈತಿ ಅನ್ನೋದನ್ನ, ಅದರಿಂದ ಒಟ್ಟು ಕರಗಿದ ಲವಣದ ಅಂದಾಜು. ಆ ಅಯಾನು ಕ್ಯಾಲ್ಸಿಯಮ್ಮೋ ಕ್ಲೋರೈಡೋ ಫ್ಲೋರೈಡೋ ಅಂತ ಅದಕ್ಕ ಗೊತ್ತಿಲ್ಲ. ಬ್ಯಾಂಕ್ ಬ್ಯಾಲೆನ್ಸ್ ನೋಡಿ ಅದರಾಗ ಪಗಾರ ಎಷ್ಟು, ಸಾಲ ಎಷ್ಟು ಅಂತ ಹೇಳಾಕ ಆಗ್ತೈತೇನು? ಟಿಡಿಎಸ್ 300 ಇದ್ದೂ ಫ್ಲೋರೈಡ್ ಮಿತಿ ಮೀರಿರಬಹುದು, 900 ಇದ್ದೂ ಒಳಗಿರಬಹುದು. ಫ್ಲೋರೈಡಿಗೆ ಫ್ಲೋರೈಡಿನದ್ದೇ ಪರೀಕ್ಷೆ ಆಗಬೇಕು.

ಅದಕ್ಕ ಎಲ್ಲಿ ಹೋಗಬೇಕು ಅಂತೀರಾ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯ್ತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಡೋ ವ್ಯವಸ್ಥೆ ಐತಿ, ಅದರಾಗ ಬಣ್ಣ ಹೋಲಿಸಿ ನೋಡೋ ಫ್ಲೋರೈಡ್ ಪರೀಕ್ಷೆಯೂ ಇರ್ತೈತಿ. ಅದು ಅಂದಾಜಿಗೆ. ಪಕ್ಕಾ ಅಂಕಿ ಬೇಕಂದ್ರ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ. ಸ್ಯಾಂಪಲ್ ಒಯ್ಯೋಕೆ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸ್ರಿ, ಗಾಜಿನದ್ದು ಬ್ಯಾಡ, ಫ್ಲೋರೈಡಿಗೂ ಗಾಜಿಗೂ ಕೂಡಿಬರಂಗಿಲ್ಲ. ಬೋರನ್ನ ಐದಾರು ನಿಮಿಷ ಓಡಿಸಿ, ಪೈಪಿನಾಗ ನಿಂತ ನೀರು ಹೋದ ಮ್ಯಾಲೆ, ಅದೇ ನೀರಿನಿಂದ ಬಾಟಲಿಯನ್ನ ಮೂರು ಸಲ ತೊಳೆದು, ತುಂಬಿಸಿ, ಯಾವ ಬೋರು, ಯಾವ ತಾರೀಖು ಅಂತ ಬರೆದು ಹಚ್ಚಿ. ಮನಿಯಾಗ ಎಂಟು ವರ್ಷದೊಳಗಿನ ಮಕ್ಕಳಿದ್ರ ಈ ಕೆಲಸ ಮುಂದಿನ ತಿಂಗಳಿಗೆ ಇಡಬ್ಯಾಡ್ರಿ.

ವಾಯ್ಸ್ ನೋಟ್ ಕಳಿಸಿದವರಿಗೆ ನಾನು ಹೇಳಿದ್ದೂ ಇದನ್ನೇ: ಮಗುವಿಗೆ ಕುಡಿಯಾಕ, ಮನಿ ಅಡುಗಿಗೆ ಇವತ್ತಿಂದಲೇ ಘಟಕದ ನೀರು ತರ್ರಿ, ಆ ಘಟಕದ ನೀರಿನದ್ದೂ ಒಂದು ಬಾಟಲಿ ಟೆಸ್ಟಿಗೆ ಕೊಡ್ರಿ, ಬೋರಿನ ನೀರು ಬೆಳಿಗೆ ಇರಲಿ. ಎರಡನೇ ರಿಪೋರ್ಟ್ ಬಂದ ಮ್ಯಾಲೆ ಫೋಟೊ ಕಳಸ್ತೀನಿ ಅಂದಾರ.